ಕೊನೆಯ ಮೆಟ್ಟಿಲಿನ ತಂಪು

ಪಡಸಾಲೆಯ ಕಂಬಕ್ಕೆ ಒರಗಿ ಲಕ್ಕಪ್ಪ ಕುಳಿತಿದ್ದಾನೆ. ಎಡಗಾಲು ಮಡಿಚಿದೆ, ಬಲಗಾಲು, ತನ್ನದಲ್ಲವೇನೋ ಎಂಬಂತೆ, ಗೋಣಿತಟ್ಟಿನ ಮೇಲೆ ಚಾಚಿಕೊಂಡಿದೆ. ಪಾದದ ಗಂಟಿನ ಮೇಲೆ ಬಾಡಿದ ಔಡಲೆಲೆ. ಎಲೆಯ ಅಂಚಿನಿಂದ ಬಿಳಿಯ ದಾರದಂಥದ್ದೊಂದು ಹೊರಬಂದು, ಬೇವಿನ ಕಡ್ಡಿಯೊಂದಕ್ಕೆ ಎರಡು ಸುತ್ತು ಸುತ್ತಿಕೊಂಡಿದೆ. ಅದು ದಾರವಲ್ಲ, ಜೀವವಿರುವ ಹುಳು. ಹೊರಗೆ ಗೋಡೆಗೆ ಆನಿಸಿದ ಬಿತ್ತುವ ಕೂರಿಗೆಯ ನೆರಳು ಅಂಗಳದಲ್ಲಿ ಅಲುಗದೆ ಬಿದ್ದಿದೆ. ಎತ್ತುಗಳು ಮೆಲುಕು ಹಾಕುವುದನ್ನೂ ಮರೆತು ನಿಂತಿವೆ. ಪಡುವಣ ಬಾನಿನಲ್ಲಿ ಒಂದೇ ಒಂದು ಮೋಡ.

ಇಪ್ಪತ್ತನೆಯ ಶತಮಾನದ ಆರಂಭದ ವರ್ಷಗಳು. ಸವದತ್ತಿ ಸೀಮೆಯಲ್ಲಿ, ಸಿರಸಂಗಿಗೂ ಮುನವಳ್ಳಿಗೂ ನಡುವಿನ ಒಂದು ಸಣ್ಣ ಹಳ್ಳಿ. ಮಿರಗದ ಮಳೆಗೆ, ಅಂದರೆ ಮೃಗಶಿರಾ ಮಳೆಗೆ, ಇನ್ನು ಹನ್ನೆರಡೇ ದಿನ.

ಒಳಬಾಗಿಲಲ್ಲಿ ನಿಂತು ಆ ಕಾಲನ್ನೇ ನೋಡುತ್ತಿದ್ದವಳು ಲಕ್ಕಪ್ಪನ ತಾಯಿ ಶಟ್ಟೆವ್ವ. ಆ ವರ್ಷ ಊರಿನಲ್ಲಿ ಇಪ್ಪತ್ತೊಂದು ಮಂದಿಗೆ ನಾರುಹುಣ್ಣು ಎದ್ದಿತ್ತು. ಬಿತ್ತುವ ಹೊತ್ತಿಗೆ ಸರಿಯಾಗಿ ಬಂದು, ಬಿತ್ತುವವರನ್ನೇ ನೆಲಕ್ಕೆ ಕೂರಿಸುವ ರೋಗ ಅದು.

ಆ ರೋಗಕ್ಕೆ ಶಟ್ಟೆವ್ವನ ಮನೆಯಲ್ಲಿ ಒಂದು ವ್ರತವಿತ್ತು. ಊರಿನ ಮೆಟ್ಟಿಲ ಬಾವಿಯನ್ನು ಕಟ್ಟಿಸಿದವನು ಅವಳ ಮಾವ. ನಾರು ಎದ್ದವರ ಕಾಲು ಕೆಂಡ ಮೆಟ್ಟಿದಂತೆ ಉರಿಯುತ್ತದೆ; ತಣ್ಣೀರಿನಲ್ಲಿಟ್ಟರೆ ಆ ಉರಿ ಇಳಿಯುತ್ತದೆ. ಅಂಥವರನ್ನು ಕೈಹಿಡಿದು ಕೊನೆಯ ಮೆಟ್ಟಿಲವರೆಗೆ ಇಳಿಸಿ, ಕಾಲನ್ನು ನೀರಿನಲ್ಲಿ ಇಡಿಸಿ, ನೋವು ತಣಿಯುವವರೆಗೆ ಪಕ್ಕದಲ್ಲಿ ಕುಳಿತಿರುವುದು ಆ ಮನೆಯ ಸೊಸೆಯಂದಿರ ಪಾಲಿಗೆ ಬಂದ ಸೇವೆ. ಮೂವತ್ತು ವರ್ಷಗಳಲ್ಲಿ ಅವಳು ಅದನ್ನು ಒಂದು ದಿನವೂ ತಪ್ಪಿಸಿರಲಿಲ್ಲ.

ಆ ಮಧ್ಯಾಹ್ನ ಪಕ್ಕದ ಮನೆಯ ಪದ್ಮವ್ವ ಬಂದಳು. ಜೈನರ ಮನೆತನದವಳು, ದಪ್ಪ ಅರಿವೆಯನ್ನು ಎರಡು ಮಡಿಕೆ ಮಾಡಿ ಸೋಸದೆ ನೀರನ್ನು ಬಾಯಿಗೆ ಮುಟ್ಟಿಸಿದವಳಲ್ಲ. ಅವಳ ಹಿಂದೆ ಅಪರಿಚಿತನೊಬ್ಬ ನಿಂತಿದ್ದ.

“ಏನವಾ ಪದ್ಮವ್ವ, ನಿನ್ನ ನೀರಿಗೆ ಸೀರಿ ಉಡಿಸೂದ ಮುಗೀತೋ, ಇನ್ನೂ ಸೆರಗ ಹೊಚ್ಚೂದು ಉಳದೈತೋ?” ಎಂದಳು ಶಟ್ಟೆವ್ವ.

“ಅದರ ಮಾತಿಗೇ ಬಂದೇನಿ ಯಕ್ಕಾ. ಇವ್ರು ಗಂಗಪ್ಪ. ದವಾಖಾನ್ಯಾಗ ಔಷಧ ಕೂಡಸ್ತಾರ. ಮುನವಳ್ಳಿ ಸೇವಾ ಮಂಡಳಿಯವ್ರು.”

ಮಂಡಳಿಯೆಂದರೆ ಹನ್ನೊಂದು ಜನ: ಈ ಗಂಗಪ್ಪ, ಒಬ್ಬ ಬಡಿಗ, ಶಾಲೆಯ ಮಾಸ್ತರ, ಇಬ್ಬರು ನೇಕಾರರು, ಉಳಿದವರು ರೈತರು. ವಾರಕ್ಕೊಂದು ದಿನ ತಮ್ಮ ದುಡಿಮೆ ಬಿಟ್ಟು ಹಳ್ಳಿಗಳಿಗೆ ನಡೆದು ಹೋಗುತ್ತಿದ್ದರು. ಯಾರೂ ಕಳಿಸಿದ್ದಲ್ಲ; ತಾವಾಗಿ ಹೊರಟವರು.

“ಯವ್ವಾ, ಬಾವಿಗೆ ಇಳಿಯೂ ಪಾವಟಿಗಿ ಬಂದ್ ಮಾಡಬೇಕ್ರಿ,” ಎಂದ ಗಂಗಪ್ಪ. “ಮ್ಯಾಲೆ ಸುತ್ತ ಕಲ್ಲಿನ ಕಟ್ಟಿ ಏರಿಸಿ, ಗಡಗಡಿ ಹಾಕಿ, ಹಗ್ಗದ್ಲೆ ನೀರ ಸೇದಬೇಕು. ಯಾರ ಕಾಲೂ ಆ ನೀರ ಮುಟ್ಟಬಾರ್ದು.”

“ನಮ್ಮ ಮಾವ ಕಟ್ಟಿಸಿದ ಪಾವಟಿಗಿ ಮುಚ್ಚಾಕ ಅಷ್ಟ ದೂರದಿಂದ ನಡಕೊಂತ ಬಂದ್ರೇನು? ನಿಮ್ಮೂರಾಗ ಬಾವಿ ತೀರಿದಾವ?”

“ಯವ್ವಾ, ಮೊದಲ ಕುಂದರಾಕರ ಹೇಳ,” ಎಂದ ಲಕ್ಕಪ್ಪ. “ಬೈಯೂದು ಅವರು ಕುಂತ ಮ್ಯಾಲೂ ಆಕ್ಕೈತಿ.”

ಗಂಗಪ್ಪ ನಗುತ್ತ ಒಂದು ಬೋಗುಣಿ, ಒಂದು ತಂಬಿಗೆ ತಣ್ಣೀರು ಕೇಳಿದ. ಲಕ್ಕಪ್ಪನ ಕಾಲನ್ನು ಬೋಗುಣಿಯೊಳಗೆ ಇಡಿಸಿ, ಔಡಲೆಲೆ ಸರಿಸಿ, ಹುಣ್ಣಿನ ಮೇಲೆ ಮೆಲ್ಲಗೆ ನೀರು ಹನಿಸಿದ. ಹುಣ್ಣಿನ ಬಾಯಿಂದ ಹಾಲಿನಂಥ ಬಿಳುಪು ಎಳೆಯೆಳೆಯಾಗಿ ಹೊರಟು ನೀರಿನಲ್ಲಿ ಕದಡಿತು.

“ನೋಡ್ರಿ, ಉರಿ ಹೊಂಟಿತು!” ಶಟ್ಟೆವ್ವ ಗೆದ್ದವಳಂತೆ ಹೇಳಿದಳು. “ಮೂವತ್ತ ವರ್ಷದಿಂದ ನೋಡಾಕ ಹತ್ತೇನಿ. ಬೆಳ್ಳಗ ಉರಿ ಹೊರಗ ಬರತೈತಿ, ಕಾಲು ತಣ್ಣಗಾಗತೈತಿ.”

“ಕಾಲು ತಣ್ಣಗಾಗೂದು ಖರೇ ಐತ್ರಿ. ಬೆಳ್ಳಗ ಬಂದದ್ದು ಮಾತ್ರ ಉರಿ ಅಲ್ರಿ, ಮರಿ. ಈ ನಾರು ಹೆಣ್ಣ ಹುಳ. ನೀರ ತಾಗೂದ ತಡ, ಸಾವಿರಗಟ್ಟಲೆ ಮರಿ ಬಿಡತೈತಿ. ಅವನ್ನ ನೀರಾಗಿನ ಸಣ್ಣ ಹುಳ ನುಂಗತಾವು. ಆ ಹುಳ ಕೊಡದಾಗ ಬರತಾವು, ಕೊಡದಿಂದ ನಮ್ಮ ಹೊಟ್ಟಿಗೆ. ಒಂದ ವರ್ಷ ಮೈಯಾಗ ಬೆಳದು, ಮುಂದಿನ ಮಿರಗದ ಹೊತ್ತಿಗೆ ಕಾಲಾಗ ಏಳತೈತಿ.”

“ಒಂದ ವರ್ಷ?”

“ಹೂಂ ರಿ. ಅದಕ್ಕ ಯಾರಿಗೂ ಗುರುತ ಹತ್ತೂದಿಲ್ಲ. ಕುಡದದ್ದು ಹ್ವಾದ ವರ್ಷ, ಹುಣ್ಣ ಎದ್ದದ್ದು ಈ ವರ್ಷ.”

“ಹಂಗಾರ ಪದ್ಮವ್ವನ ಮನ್ಯಾಗ ಒಬ್ರಿಗೂ ಯಾಕ ಎದ್ದಿಲ್ಲ? ಅವರೂ ಇದ ಬಾವಿ ನೀರ…”

ಮಾತು ಅರ್ಧಕ್ಕೇ ನಿಂತಿತು. ಪದ್ಮವ್ವ ಆಗಲೇ ಮನೆಯಿಂದ ತಂದಿದ್ದ ತನ್ನ ಸೋಸುವ ಅರಿವೆಯನ್ನು ಬಿಳಿಯ ಬಟ್ಟಲಿನಲ್ಲಿ ಮಗುಚಿ ಬಿಸಿಲಿಗೆ ಹಿಡಿದಿದ್ದಳು. ಸಾಸಿವೆಯ ಪುಡಿಗಿಂತಲೂ ಸಣ್ಣ ಚುಕ್ಕೆಗಳು ನೀರಿನಲ್ಲಿ ಟಣ್ಣಟಣ್ಣನೆ ಜಿಗಿಯುತ್ತಿದ್ದವು.

“ನಾವು ಜೀವ ಹೋಗಬಾರ್ದು ಅಂತ ಸೋಸತಿದ್ವಿ ಯಕ್ಕಾ. ನಮ್ಮ ಜೀವಾನೂ ಅದರಾಗ ಉಳೀತೈತಿ ಅಂತ ನನಗರ ಎಲ್ಲಿ ಗೊತ್ತಿತ್ತು? ನೀ ನಗತಿದ್ದಿ, ನಾ ಸಿಟ್ಟಿಗೆದ್ದು ಒಳಗ ಹೋಗತಿದ್ದೆ. ನನ್ನ ಕೊಡ ಅಷ್ಟ ಸೋಸ್ಕೊಂಡು ಸುಮ್ಮ ಕುಂತೆ. ಊರ ಕುಂಟತಿತ್ತು.”

ಶಟ್ಟೆವ್ವನ ಕಣ್ಣೆದುರು ಹೋದ ವರ್ಷದ ಬೇಸಿಗೆ ಬಂದು ನಿಂತಿತ್ತು. ಏಳು ಜನರನ್ನು ಅವಳು ಬಾವಿಗಿಳಿಸಿದ್ದಳು. ಏಳನೆಯವನ ಕಾಲು ತಣಿದ ಮೇಲೆ ಅದೇ ಮೆಟ್ಟಿಲಲ್ಲಿ ಬಾಗಿ ತನ್ನ ಕೊಡ ತುಂಬಿಕೊಂಡಿದ್ದಳು. ಹೊಲದಿಂದ ಬಂದ ಲಕ್ಕಪ್ಪ ಆ ನೀರನ್ನು ಗಟಗಟನೆ ಕುಡಿದು, “ಎಷ್ಟ ತಂಪ ಐತಿ ಯವ್ವಾ” ಎಂದಿದ್ದ.

“ನನ್ನ ಕೈಯಾರೆ ಇವಗ ಕುಡಿಸಿದ್ನೇನೋ ತಮ್ಮಾ?” ಅವಳ ದನಿ ನೆಲಕ್ಕಿಳಿದಿತ್ತು.

ಗಂಗಪ್ಪ ಬೋಗುಣಿಯನ್ನು ಪಕ್ಕಕ್ಕೆ ಸರಿಸಿದ. “ನೋವ ನೋಡಿ ನೀವು ಸುಮ್ಮ ಕುಂತವ್ರಲ್ಲ ಯವ್ವಾ. ಅಂಥವ್ರ ಬೇಕಾಗ್ಯಾರ ನಮಗ. ಬಾವಿ ನಿಮ್ಮ ಮನಿತನದ್ದು. ನೀವು ಹೂಂ ಅನ್ನೂತನ ಒಂದ ಕಲ್ಲೂ ಇಡೂದಿಲ್ಲ. ಐತವಾರ ಮತ್ತ ಬರತೇವಿ.” ಹೊರಡುವ ಮುನ್ನ ಲಕ್ಕಪ್ಪನಿಗೆ ಎಚ್ಚರ ಹೇಳಿದ: “ನಾರು ಜಗ್ಗಬ್ಯಾಡ್ರಿ. ಹರದ್ರ ಕಾಲು ಬಾತು ಕೀವಾಗತೈತಿ. ದಿನಕ್ಕ ಒಂದ ಬೆರಳಷ್ಟ ಕಡ್ಡಿಗೆ ಸುತ್ರಿ.”

ಮರುದಿನ ಮುಂಜಾನೆ ಅದೇ ಓಣಿಯ ಕಾಡವ್ವ ಗೋಡೆ ಹಿಡಿದುಕೊಂಡು ಬಂದಳು. ಎಳೆಯ ಬಾಣಂತಿ. ಮುಂಗಾಲಿನಲ್ಲಿ ಹೊಸ ಗುಳ್ಳೆ ಒಡೆದಿತ್ತು.

“ಅತ್ತಿ, ಕಾಲು ಸುಡಾಕ ಹತ್ತೈತ್ರಿ. ಬಾವಿಗೆ ಕರಕೊಂಡ ನಡೀರಿ.”

ಶಟ್ಟೆವ್ವನ ಕೈ ರೂಢಿಯಂತೆ ಮುಂದೆ ಚಾಚಿಕೊಂಡು, ಗಾಳಿಯಲ್ಲೇ ನಿಂತಿತು.

“ಬಾವಿಗೆ ಬ್ಯಾಡವಾ.”

“ಯಾಕ್ರಿ? ಎಲ್ಲಾರ್ನೂ ಇಳಸ್ತೀರಿ. ನಾ ಏನ ತಪ್ಪ ಮಾಡೇನಿ?” ಕಾಡವ್ವನ ಕಣ್ಣು ತುಂಬಿತು.

ಮೂವತ್ತು ವರ್ಷಗಳಲ್ಲಿ ಆ ಮನೆಯ ಬಾಗಿಲಿನಿಂದ ಯಾರೂ ಬೇಡವೆಂಬ ಮಾತು ಕೇಳಿರಲಿಲ್ಲ. ಶಟ್ಟೆವ್ವ ಅವಳನ್ನು ಕಟ್ಟೆಯ ಮೇಲೆ ಕೂರಿಸಿದಳು. ಹರವಿಯ ತಣ್ಣೀರು ತಂದಳು, ಕಾಲಡಿಗೆ ಬೋಗುಣಿ ಇಟ್ಟಳು, ತಾನೇ ನೀರು ಹನಿಸತೊಡಗಿದಳು. ಮತ್ತೆ ಅದೇ ಹಾಲಿನ ಬಿಳುಪು. ಈ ಸಲ ಅವಳು ಅದನ್ನು ಕಣ್ಣಿಟ್ಟು ನೋಡಿದಳು. ಕಾಡವ್ವನ ಬಿಗಿದ ಮುಖ ಮೆಲ್ಲಗೆ ಸಡಿಲಿತು. ತಂಪು ಅದೇ ತಂಪಾಗಿತ್ತು. ಶಟ್ಟೆವ್ವ ಬೋಗುಣಿಯನ್ನೆತ್ತಿ, ಬಾವಿಗೆ ಬೆನ್ನಾಗಿ ದೂರ ನಡೆದು, ತಿಪ್ಪೆಯಾಚೆಯ ಒಣನೆಲದ ಮೇಲೆ ನೀರನ್ನು ಚೆಲ್ಲಿ ಬಂದಳು.

“ದಿನಾ ಬಾ,” ಎಂದಳು. “ಬರಾಕ ಆಗಲಿಲ್ಲಂದ್ರ ಹೇಳಿ ಕಳಸು, ನಾನ ಬರತೇನಿ.”

ಭಾನುವಾರ ಮಂಡಳಿಯವರು ಬಂದಾಗ ಅವಳೇ ಬಾವಿಯ ತಲೆಯ ಮೇಲೆ ನಿಂತಿದ್ದಳು. “ಮುಚ್ಚರಿ. ಆದ್ರ ಕಲ್ಲಿನ್ಲೆ ಬ್ಯಾಡ, ಬಾಗಲಾ ಇಡ್ರಿ. ವರ್ಷಕ್ಕೊಮ್ಮಿ ಹೂಳ ತಗ್ಯಾಕ ಇಳೀಬೇಕಲ್ಲ? ಇಳಿಯೂ ಮುಂದ ಅವರ ಕಾಲಾಗ ಹುಣ್ಣ ಐತೇನಂತ ನಾನ ನೋಡತೇನಿ.”

ಬಡಿಗ ಬಾಗಿಲಿಗೆ ಜಾಲಿಮರದ ಹಲಗೆ ಕೊಯ್ದ. ಊರಿನವರು ಕಟ್ಟೆಗೆ ಕಲ್ಲು ಹೊತ್ತರು. ನೇಕಾರರು ದಪ್ಪ ಅರಿವೆಯ ತುಂಡುಗಳನ್ನು ತಂದರು; ಪದ್ಮವ್ವ ಮನೆಮನೆಗೂ ಹೋಗಿ ಮಡಿಕೆ ಹಾಕಿ ಸೋಸುವುದನ್ನು ಕಲಿಸಿದಳು. ಮಿರಗದ ಮಳೆಯಾದ ಮೇಲೆ ಊರವರ ನಾಲ್ಕು ಜೋಡಿ ಎತ್ತುಗಳು ಲಕ್ಕಪ್ಪನ ಹೊಲಕ್ಕಿಳಿದವು. ಚಕ್ಕಡಿಯಲ್ಲಿ ಕಾಲು ಚಾಚಿ ಕುಳಿತ ಲಕ್ಕಪ್ಪ, “ಸಾಲ ಸೊಟ್ಟ ಆತ್ರೋ!” ಎಂದು ಕೂಗಿದರೆ, “ಕುಂತವ್ರಿಗೆ ಎಲ್ಲಾ ಸಾಲೂ ಸೊಟ್ಟ ಕಾಣತಾವು!” ಎಂದು ಕೂರಿಗೆ ಹಿಡಿದ ಗಂಗಪ್ಪ ಮರುಕೂಗು ಹಾಕಿದ.

ಮರುವರ್ಷ ಕೆಲವರಿಗೆ ಹುಣ್ಣು ಎದ್ದಿತು. ಅದು ಹಿಂದಿನ ನೀರಿನ ಫಲ. ಮೂರನೆಯ ಮಿರಗಕ್ಕೆ ಆ ಊರಿನಲ್ಲಿ ಕುಂಟುವ ಕಾಲು ಒಂದೂ ಇರಲಿಲ್ಲ.

ಇದನ್ನು ಓದುತ್ತಿರುವ ಅಕ್ಕಂದಿರೇ, ಕೇಳುತ್ತಿರುವ ಅಣ್ಣಂದಿರೇ, ನಾರುಹುಣ್ಣು ಇಂದು ನಮ್ಮ ದೇಶದಲ್ಲಿಲ್ಲ. ಅದಕ್ಕೆ ಲಸಿಕೆ ಇರಲಿಲ್ಲ, ವಾಸಿ ಮಾಡುವ ಗುಳಿಗೆಯೂ ಇರಲಿಲ್ಲ. ತಮ್ಮ ನೀರನ್ನು ತಾವೇ ಕಾಯ್ದ ಊರುಗಳಿಂದ ಅದು ಹೋಯಿತು. ದವಾಖಾನೆ ಔಷಧ ಕೊಡಬಲ್ಲದು. ಪಡಸಾಲೆಯಲ್ಲಿ ಕುಳಿತು ಬೈಗುಳ ಕೇಳಿ, ನಕ್ಕು, ಮುಂದಿನ ವಾರ ಮತ್ತೆ ಬರುವುದಕ್ಕೆ ನೆರೆಹೊರೆಯವರೇ ಬೇಕು. ನಿಮ್ಮ ಮನೆಯ ನೀರು ಶುದ್ಧವಾಗಿದ್ದರೆ ಅಷ್ಟಕ್ಕೇ ಸುಮ್ಮನಾಗಬೇಡಿ, ಪಕ್ಕದ ಮನೆಗೂ ಹೇಳಿ. ನಿಮ್ಮ ಸಂಘದ ಹತ್ತು ಜನ ಕೂಡಿ ಊರಿನ ನೀರಿನ ಟಾಕಿಯನ್ನು, ಒಡೆದ ನಳವನ್ನು, ಬೋರಿನ ಸುತ್ತಲಿನ ಕೊಚ್ಚೆಯನ್ನು ಒಮ್ಮೆ ನೋಡಿ ಬನ್ನಿ. ಆಶಾ ಕಾರ್ಯಕರ್ತೆ ಬಾಗಿಲಿಗೆ ಬಂದರೆ ಕುಳ್ಳಿರಿಸಿ ಮಾತು ಕೇಳಿ. ಸಂದೇಹವಿದ್ದರೆ ಶಟ್ಟೆವ್ವನಂತೆ ಜಗಳವಾಡಿಯಾದರೂ ಕೇಳಿ.

ಬಾಗಿಲು ಕೂಡಿಸಿದ ಸಂಜೆಯ ಮಾತೊಂದು ಉಳಿದಿದೆ. ಮುಚ್ಚುವ ಮುನ್ನ ಒಮ್ಮೆ ಇಳಿದು ಬರುತ್ತೇನೆಂದಳು ಶಟ್ಟೆವ್ವ. ಯಾರೂ ಬೇಡವೆನ್ನಲಿಲ್ಲ. ನೀರಿಗೆ ಎರಡು ಮೆಟ್ಟಿಲು ಮೇಲೆಯೇ ನಿಂತು, ಕಾಲು ಹಿಂದೆಳೆದುಕೊಂಡು, ಕೈಮುಗಿದಳು. ಮಾವನಿಗೋ, ನೀರಿಗೋ, ಅಲ್ಲಿ ಕುಳಿತೆದ್ದು ಹೋದ ಅಷ್ಟೂ ನೋವಿಗೋ, ಅವಳು ಯಾರಿಗೂ ಹೇಳಲಿಲ್ಲ. ಆಮೇಲೆ ಒಂದೊಂದೇ ಮೆಟ್ಟಿಲು ಹತ್ತಿ ಬೆಳಕಿಗೆ ಬಂದು, ಹೊಸ್ತಿಲು ದಾಟಿ, ತಿರುಗಿ ನೋಡದೆ ಕಾಡವ್ವನ ಮನೆಯ ಕಡೆಗೆ ಹೆಜ್ಜೆ ಹಾಕಿದಳು. ಅವಳ ಬೆನ್ನ ಹಿಂದೆ ಜಾಲಿಯ ಬಾಗಿಲು ಮುಚ್ಚಿಕೊಂಡಿತು.