ಹೊಗೆಗೊಳವೆ ದಾಟಿ ಎಡಕ್ಕೆ

"ಈ ನದಿ ನೋಡ್ರೀ. ಇಷ್ಟು ನೀಲಿ ನೀರು ನಾನು ಹುಟ್ಟಿದಾಗಿನಿಂದ ಕಂಡಿಲ್ಲ. ಬೇರೆ ಹಾಕಿ," ಎಂದಳು ಪೈಲಟಮ್ಮ.

ಅವಳ ಗಂಡ, ಹಲ್ಲಿನ ಡಾಕ್ಟರು, ಮತ್ತೊಂದು ದೃಶ್ಯ ಹುಡುಕತೊಡಗಿದರು. ಮಹಡಿಯ ಕೋಣೆಯಿಂದ ಬೀರುವನ್ನು ಹೊರಗೆ ಹಾಕಿ, ಕಂಪ್ಯೂಟರಿನ ಮೂರು ಪರದೆ ಜೋಡಿಸಿ, ಕ್ಲಿನಿಕ್ಕಿನ ಹಳೆಯ ಕುರ್ಚಿಯನ್ನು ಹೊತ್ತು ತಂದು ಈ ಆಟದ ವಿಮಾನ ಕಟ್ಟಿಕೊಟ್ಟವರು ಅವರೇ. ವಿಮಾನದ ಒಳಗೆಲ್ಲ ಸರಿಯಾಗಿತ್ತು. ಕೆಳಗೆ ಕಾಣುವ ನೆಲ ಮಾತ್ರ ಅವಳಿಗೆ ಒಗ್ಗುತ್ತಿರಲಿಲ್ಲ. ಒಂದರಲ್ಲಿ ಮರಗಳು ಹೂಕೋಸಿನ ಹಾಗೆ, ಇನ್ನೊಂದರಲ್ಲಿ ಊರಿನ ಮನೆಗಳೆಲ್ಲ ಒಂದೇ ಅಚ್ಚಿನವು. ತಮ್ಮೂರಿನದೇ ಚೆನ್ನಾಗಿರುವ ದೃಶ್ಯವೊಂದು ಸಿಕ್ಕಿತ್ತು, ಅದು ಹಳೆಯದೆಂದು ಪಕ್ಕಕ್ಕಿಟ್ಟಳು.

ಅವಳಿಗೆ ಈಗಿನ ನೆಲವೇ ಬೇಕು. ಹೋದ ವರ್ಷದವರೆಗೆ ಸಣ್ಣ ವಿಮಾನದಲ್ಲಿ ಸುತ್ತಲಿನ ಊರುಗಳಿಗೆ ಟಪಾಲು, ಔಷಧಿ ಒಯ್ಯುತ್ತಿದ್ದವಳು. ಅಡುಗೆಮನೆಯಲ್ಲಿ ಫಿಟ್ಸ್ ಬಂದು ಬಿದ್ದಳು, ಲೈಸೆನ್ಸು ಹೋಯಿತು. ಇನ್ನು ಜನ್ಮದಲ್ಲಿ ಹಾರುವಂತಿಲ್ಲ ಎಂದು ದೊಡ್ಡ ಡಾಕ್ಟರು ಬಿಡಿಸಿ ಹೇಳಿದ್ದರು. ಇವಳು ಕೇಳಬೇಕಲ್ಲ! "ನಾಳೆ ಬಾ ಅಂತ ಕರೆದ್ರೆ? ಕೈ ಮರೀಬಾರದು ನೋಡಿ," ಎನ್ನುತ್ತಿದ್ದಳು. ಊರವರ ಬಾಯಿ ತೆಗೆಸುವುದೇ ಕಸುಬಾದ ಗಂಡನಿಗೆ ಈ ವಿಷಯದಲ್ಲಿ ತನ್ನ ಬಾಯಿ ತೆಗೆಯಲು ಧೈರ್ಯವಿರಲಿಲ್ಲ.

ಕೊನೆಗೆ ಅಂಥ ದೃಶ್ಯ ಸಿಕ್ಕಿತು. ಇದೇ ವರ್ಷ ಮೇಲಿನಿಂದ ತೆಗೆದ ಚಿತ್ರಗಳಿಂದ ಮಾಡಿದ್ದಂತೆ. ನೀರಿಗೆ ಮಣ್ಣಿನ ಬಣ್ಣ, ಸೇತುವೆಯ ಮೇಲೆ ನಿಂತ ಲಾರಿಗಳು, ಬಣ್ಣ ಮಾಸಿದ ಮಾಳಿಗೆಗಳು.

"ಹ್ಞಾಂ, ಇದಪ್ಪಾ ನಮ್ಮೂರು," ಎಂದು ಪೈಲಟಮ್ಮ ಬೆನ್ನು ನೆಟ್ಟಗೆ ಮಾಡಿ ಕುಳಿತಳು. ನದಿಯ ಗುಂಟ ಇಳಿಯುತ್ತ ಬಂದಳು. ಆಚೆ ದಡದ ಗಿರಣಿಯ ಹೊಗೆಗೊಳವೆ ದಾಟಿದೊಡನೆ ಎಡಕ್ಕೆ ತಿರುಗಬೇಕು, ಆಗ ರನ್‌ವೇ ಮೂಗಿನ ನೇರಕ್ಕೆ ಬರುತ್ತದೆ. ಇಷ್ಟು ವರ್ಷ ಅವಳು ಇಳಿದದ್ದೇ ಹಾಗೆ. ಹೊಗೆಗೊಳವೆ ಈಗ ಬಂತು, ಈಗ ಬಂತು ಎಂದು ಕಾಯುತ್ತಲೇ ಇದ್ದಳು. ರನ್‌ವೇ ಹಿಂದೆ ಉಳಿಯಿತು, ವಿಮಾನ ಯಾವುದೋ ಗೋದಾಮಿಗೆ ಬಡಿದು ಪರದೆ ಕಪ್ಪಾಯಿತು.

"ಹೊಗೆಗೊಳವೆ ಹಾಕೋದೇ ಮರ್ತಿದ್ದಾರೆ. ಇದೆಂಥಾ ಕೆಲಸ?"

"ಮರ್ತಿಲ್ಲ ಕಣೇ," ಎಂದರು ಡಾಕ್ಟರು. "ಅದನ್ನ ಕೆಡವಿದ್ರು, ಬೇಸಿಗೇಲಿ."

ಲೈಸೆನ್ಸು ಹೋದಮೇಲೆ ಅವಳು ಹೊಳೆಯಾಚೆ ಕಾಲಿಟ್ಟಿರಲಿಲ್ಲ.

"ನಿಮಗ್ಯಾರು ಹೇಳಿದ್ದು?"

"ನಿಮ್ಮ ವಿಮಾನದ ಮೆಕ್ಯಾನಿಕ್ಕು. ಹಲ್ಲು ಕೀಳಿಸ್ಕೊಳ್ಳೋಕೆ ಬಂದಿದ್ದ."

"ಮತ್ತೆ ಈಗ ಎಲ್ಲಿ ತಿರುಗ್ತಾರೆ?"

"ನಿನ್ನ ಜಾಗಕ್ಕೆ ಹೊಸಬಳೊಬ್ಬಳು ಬಂದಿದ್ದಾಳಂತೆ. ಅವಳು ಸೇತುವೆ ನೋಡ್ಕೊಂಡು ತಿರುಗ್ತಾಳಂತೆ."

ಹೊಸಬಳು. ಪೈಲಟಮ್ಮ ಕುರ್ಚಿಗೆ ಒರಗಿದಳು. ಇನ್ನು ಸೇತುವೆ ನೋಡಿ ತಿರುಗುವ ಪಾಠ ಶುರುವಾಗುತ್ತದೆ ಎಂದುಕೊಂಡು ಡಾಕ್ಟರು ಅದೇ ದೃಶ್ಯವನ್ನು ಮೊದಲಿನಿಂದ ಹಾಕಲು ಹೋದರು.

"ಅದು ಬೇಡ. ಆ ಹಳೇದು ಹಾಕಿ."

"ಅದರಲ್ಲಿರೋ ಹಾಗೆ ಈಗಿಲ್ವಲ್ಲೇ."

"ಗೊತ್ತು. ಇರಲಿ. ನನ್ನನ್ನ ಇನ್ಯಾರೂ ಕರೆಯಲ್ಲ."

ಈ ಮಾತು ಅವಳ ಬಾಯಲ್ಲಿ ಬಂದರೆ ಸಾಕಪ್ಪಾ ಎಂದು ವರ್ಷವಿಡೀ ಕಾದವರು ಡಾಕ್ಟರು. ಬಂದಾಗ ಮಾತ್ರ, ಬಂದ ದಾರಿಯಲ್ಲೇ ಆ ಮಾತು ವಾಪಸು ಹೋಗಿಬಿಡಲಿ ಅನ್ನಿಸಿತು. ಹಳೆಯ ದೃಶ್ಯ ಹಾಕಿ, ಸ್ಟೂಲು ಎಳೆದುಕೊಂಡು ಅವಳ ಪಕ್ಕ ಕುಳಿತರು.

ಆಚೆ ದಡದಲ್ಲಿ ಹೊಗೆಗೊಳವೆ ನಿಂತಿತ್ತು. ಅವಳ ಕೈ ತಾನೇ ಎಡಕ್ಕೆ ತಿರುಗಿತು, ರನ್‌ವೇ ಮೂಗಿನ ನೇರಕ್ಕೆ ಬಂತು. ಆದರೆ ವಿಮಾನ ಅದರ ಮೇಲೆ ಹಾದು ಮತ್ತೆ ಮೇಲೇರಿತು.

"ಇಳಿಸಲ್ವಾ?"

"ಇಳಿಸೋಣ. ಇನ್ನೊಂದು ಸುತ್ತು ಹಾಕ್ಬಿಟ್ಟು."

ಕೆಳಗಿನ ಕ್ಲಿನಿಕ್ಕಿನಿಂದ ಯಾರೋ ಕರೆದರು. ಡಾಕ್ಟರು ಏಳಲಿಲ್ಲ. ಪರದೆಯಲ್ಲಿ ನದಿ ನಿಧಾನವಾಗಿ ಓರೆಯಾಗುತ್ತಿತ್ತು.