ಜರ್ಸಿ ಹೊತ್ತು ಬಂದ ಅಜ್ಜಿ

ಬೊರಿವಲಿಯಿಂದಲೇ ಹೊರಡುವ ಲೋಕಲ್ ಸಿಕ್ಕರೆ ಯಕ್ಷಿತಾಗೆ ಕಿಟಕಿ ಪಕ್ಕದ ಸೀಟೂ ಸಿಗುತ್ತಿತ್ತು. ಆ ಶನಿವಾರವೂ ಸಿಕ್ಕಿತ್ತು. ಕಿವಿಗೆ ಇಯರ್‌ಫೋನ್ ಸಿಕ್ಕಿಸಿ ಕಣ್ಣು ಮುಚ್ಚಿಕೊಂಡರೆ ಚರ್ಚ್‌ಗೇಟಿನವರೆಗೆ ಯಾರ ಗೊಡವೆಯೂ ಇಲ್ಲ. ಅಲ್ಲಿಂದ ಫೋರ್ಟಿಗೆ ನಡೆದು, ಸೋದರಮಾವ ಕಾಂತಪ್ಪನ ಹೋಟೆಲಿನ ಗಲ್ಲಾದಲ್ಲಿ ಕೂತರೆ ಅವಳ ದಿನ ಶುರು.

ಎದುರು ಸೀಟಿನಲ್ಲಿ ಇಳಕಲ್ ಸೀರೆಯ ಒಬ್ಬ ಅಜ್ಜಿ ಕೂತಿದ್ದಳು. ಮಡಿಲಲ್ಲಿ ಒಂದು ಪ್ಲಾಸ್ಟಿಕ್ ಚೀಲ. ರೈಲು ನಿಂತಾಗಲೆಲ್ಲ ಅಕ್ಕಪಕ್ಕದವರನ್ನು ನೋಡಿ, "ಕಡೀ ಸ್ಟೇಷನ್ ಬಂತೇನವ್ವಾ?" ಎಂದು ಕೇಳುವಳು. ಯಾರಿಗೂ ಅರ್ಥವಾಗದು. ಒಬ್ಬಳು ನಕ್ಕು ತಲೆಯಾಡಿಸಿದಳು, ಇನ್ನೊಬ್ಬಳು ನೀರಿನ ಬಾಟಲಿ ಕೊಡಹೋದಳು.

ಯಕ್ಷಿತಾಗೆ ಅರ್ಥವಾಗುತ್ತಿತ್ತು. ಇಯರ್‌ಫೋನಿನ ಹಾಡು ನಿಂತು ಎಷ್ಟೋ ಹೊತ್ತಾಗಿತ್ತು. ಆದರೂ ಅವಳು ಬಾಯಿ ಬಿಡಲಿಲ್ಲ. ಅವಳು ಹುಟ್ಟಿ ಬೆಳೆದದ್ದು ಬೊರಿವಲಿಯಲ್ಲಿ. ಮನೆಯಲ್ಲಿ ತುಳು, ಹೊರಗೆ ಹಿಂದಿ. ಕನ್ನಡವೇನಿದ್ದರೂ ಊರಿಂದ ಬಂದ ನೆಂಟರ ಮಾತು ಕೇಳಿ ಕಲಿತದ್ದು. ಒಮ್ಮೆ ಉಡುಪಿಯ ಮದುವೆಯೊಂದರಲ್ಲಿ ಅವಳು ಎರಡು ಮಾತಾಡಿದ್ದಕ್ಕೆ ಚಪ್ಪರದ ಹುಡುಗಿಯರೆಲ್ಲ ಬಿದ್ದು ಬಿದ್ದು ನಕ್ಕಿದ್ದರು. ಅಂದಿನಿಂದ ಅವಳ ಕನ್ನಡ ಗಂಟಲಲ್ಲೇ ಉಳಿದುಬಿಟ್ಟಿತ್ತು.

ದಾದರ್ ಬಂತು. ಹೆಂಗಸರ ಡಬ್ಬಿಯ ಅರ್ಧ ಜನ ಒಮ್ಮೆಲೇ ಎದ್ದರು. ಎಲ್ಲರೂ ಇಳಿಯುವುದನ್ನು ಕಂಡು, ಕೊನೆಯ ನಿಲ್ದಾಣ ಇದೇ ಇರಬೇಕೆಂದುಕೊಂಡ ಅಜ್ಜಿ ಚೀಲ ಎದೆಗವಚಿಕೊಂಡು ಬಾಗಿಲತ್ತ ನುಗ್ಗಿದಳು. ಹತ್ತುವವರ ಗುಂಪು ಎದುರಿನಿಂದ ಅಲೆಯ ಹಾಗೆ ಬಂದು ಅವಳನ್ನು ಕಂಬಕ್ಕೆ ಒತ್ತಿತು. ಯಕ್ಷಿತಾ ಸೀಟು ಬಿಟ್ಟು ಎದ್ದು, ಇಬ್ಬರ ನಡುವೆ ತೂರಿ ಅಜ್ಜಿಯ ರಟ್ಟೆ ಹಿಡಿದಳು.

"ಅಜ್ಜಿ, ಬೇಡ. ಇದು ಲಾಸ್ಟ್ ಅಲ್ಲ. ಇನ್ನೂ ಹೋಗ್ಲಿಕ್ಕೆ ಉಂಟು."

ಅಜ್ಜಿ ತಿರುಗಿ ನೋಡಿದಳು. ಮುಖ ಒಮ್ಮೆಲೇ ಬೆಳಗಿತು.

"ನೀ ನಮ್ಮಾಕಿ ಏನ ಯವ್ವಾ? ಮತ್ತ ಇಷ್ಟೊತ್ತನ ಯಾಕ ಸುಮ್ಮ ಕುಂತಿದ್ದಿ?"

ಯಕ್ಷಿತಾ ಹಿಂತಿರುಗಿ ನೋಡಿದಳು. ಸೀಟು ಹೋಗಿತ್ತು. ಇಬ್ಬರೂ ಕಂಬ ಹಿಡಿದು ನಿಂತರು.

ಅಜ್ಜಿಯ ಹೆಸರು ಗುರುಬಾಯಿ, ಊರು ಅಫಜಲಪುರದ ಕಡೆ. ದಹಿಸರದ ಚಾಳಿನಲ್ಲಿರುವ ಮಗನ ಮನೆಗೆ ಬಂದು ಇನ್ನೂ ತಿಂಗಳಾಗಿರಲಿಲ್ಲ. ಮೊಮ್ಮಗಳು ಶಿವಕುಮಾರಿ ಖೋಖೋ ಆಟಗಾರ್ತಿ. ಇವತ್ತು ಫೈನಲ್. ಹುಡುಗಿ ಬೆಳಕು ಹರಿಯುವ ಮೊದಲೇ ತಂಡದ ಜೊತೆ ಹೊರಟುಹೋಗಿದ್ದಳು, ತೊಳೆದು ಹಗ್ಗದ ಮೇಲೆ ಹಾಕಿದ್ದ ಜರ್ಸಿ ಹಗ್ಗದ ಮೇಲೆಯೇ ಉಳಿದಿತ್ತು. ಮಗ ಕಟ್ಟಡದ ಕೆಲಸಕ್ಕೆ ಹೋಗಿದ್ದ, ಫೋನ್ ಎತ್ತಲಿಲ್ಲ. ಪಕ್ಕದ ಮನೆಯಾಕೆ ಅಜ್ಜಿಯನ್ನು ಬೊರಿವಲಿಗೆ ಕರೆತಂದು ರೈಲು ಹತ್ತಿಸಿ, ಆಟ ಚರ್ಚ್‌ಗೇಟಿನ ಕಡೆ ಎಲ್ಲೋ ಇದೆ, ಕೊನೆಯ ಸ್ಟೇಷನ್ನಿನಲ್ಲಿ ಇಳಿ ಎಂದಷ್ಟೇ ಹೇಳಿದ್ದಳು.

"ಅಂಗಿ ಇಲ್ಲಂದ್ರ ಆಕೀಗಿ ಆಡ್ಲಾಕ ಬಿಡಂಗಿಲ್ಲಂತ," ಎಂದಳು ಗುರುಬಾಯಿ.

"ಯಾವ ಗ್ರೌಂಡ್, ಅಜ್ಜಿ? ಹೆಸರು... ಹೆಸರು ಎಂತ?"

"ಅದು ನನಗೆಲ್ಲಿ ಗೊತ್ತು? ಇಳದು ಕೇಳಿದರ ಯಾರರ ಹೇಳ್ತಾರ ಅಂತ ಬಂದೀನಿ."

ಕಿಟಕಿಯಾಚೆ ಓಡುತ್ತಿದ್ದ ಈ ಊರಿನ ಉದ್ದಗಲ ಗೊತ್ತಿರುವ ಯಾರೂ ಹೀಗೆ ಹೊರಡುತ್ತಿರಲಿಲ್ಲ.

ಅಷ್ಟರಲ್ಲಿ, ರೈಲಿನಲ್ಲಿ ಕ್ಲಿಪ್ಪು, ರಬ್ಬರ್‌ಬ್ಯಾಂಡು ಮಾರುವ ಸೇವಂತಿ ಹತ್ತಿರ ಬಂದು, "ಕಾಯ್ ಝಾಲಾ?" ಎಂದು ಮರಾಠಿಯಲ್ಲಿ, ಏನಾಯಿತೆಂದು ಕೇಳಿದಳು. ಯಕ್ಷಿತಾ ಹಿಂದಿಯಲ್ಲಿ ವಿಷಯ ಹೇಳುತ್ತಿದ್ದಂತೆ ಇಡೀ ಡಬ್ಬಿ ಕಿವಿ ನಿಮಿರಿಸಿತು. ಜರ್ಸಿ ಹೊರಗೆ ಬಂತು. ಹಸಿರು ಬಣ್ಣ, ಬೆನ್ನ ಮೇಲೆ ಮರಾಠಿಯಲ್ಲಿ ದಹಿಸರದ ಯಾವುದೋ ಕ್ರೀಡಾ ಮಂಡಳದ ಹೆಸರು. ಬಾಗಿಲಲ್ಲಿ ನಿಂತಿದ್ದ ನರ್ಸ್ ಒಬ್ಬಳು ಕಬಡ್ಡಿ ಆಡುವ ತನ್ನ ತಮ್ಮನಿಗೆ ಫೋನ್ ಹಚ್ಚಿದಳು. ಟಿಫಿನ್ ಡಬ್ಬಿ ಹಿಡಿದಿದ್ದ ಹೆಂಗಸೊಬ್ಬಳು ದಹಿಸರದಲ್ಲಿದ್ದ ಅತ್ತಿಗೆಯನ್ನು ಫೋನ್ ಮಾಡಿ ಎಬ್ಬಿಸಿ, ಹೋಗಿ ಆ ಮಂಡಳದ ಬಾಗಿಲು ತಟ್ಟು ಎಂದಳು. ಕಿಟಕಿ ಪಕ್ಕದ ಕಾಲೇಜು ಹುಡುಗಿ ಮೊಬೈಲಿನಲ್ಲಿ ಹುಡುಕತೊಡಗಿದಳು. ಸೀಟಿಗಾಗಿ ಈಗಷ್ಟೇ ಜಗಳವಾಡಿದ್ದ ಇಬ್ಬರು ಜರಗಿ ಕೂತು, ಅಜ್ಜಿಗೆ ನಡುವೆ ಜಾಗ ಮಾಡಿಕೊಟ್ಟರು.

ಮರೀನ್ ಲೈನ್ಸ್ ದಾಟುವಾಗ ನರ್ಸಿನ ತಮ್ಮ ತಿರುಗಿ ಫೋನ್ ಮಾಡಿದ. "ಆಜಾದ್ ಮೈದಾನ್," ಎಂದು ಅವಳು ಕೂಗಿದಳು. "ಆಟ ಶುರುವಾಗಿದೆಯಂತೆ."

ಡಬ್ಬಿಯಲ್ಲಿ ಚಪ್ಪಾಳೆ ಬಿತ್ತು. ಯಾಕೆಂದು ತಿಳಿಯದಿದ್ದರೂ ಗುರುಬಾಯಿಯೂ ಚಪ್ಪಾಳೆ ತಟ್ಟಿದಳು.

ಚರ್ಚ್‌ಗೇಟಿನಲ್ಲಿ ಇಳಿದು ದಾರಿ ತೋರಿಸಿ ಹೊರಟುಬಿಡುವುದೆಂದು ಯಕ್ಷಿತಾ ಅಂದುಕೊಂಡಿದ್ದಳು. ಆದರೆ ಸಬ್‌ವೇ ಮೆಟ್ಟಿಲ ಮುಂದೆ ಅಜ್ಜಿ ದಿಕ್ಕು ತೋಚದೆ ನಿಂತದ್ದು ನೋಡಿ ಬಿಟ್ಟುಹೋಗಲು ಮನಸ್ಸಾಗಲಿಲ್ಲ. ಮಾವನಿಗೆ ಫೋನ್ ಮಾಡಿ, ತಡವಾಗುತ್ತದೆ, ಒಬ್ಬರನ್ನು ಮುಟ್ಟಿಸಿ ಬರುತ್ತೇನೆ ಎಂದು ತುಳುವಿನಲ್ಲಿ ಹೇಳಿದಳು. ಆ ಕಡೆಯಿಂದ ಗೊಣಗಾಟ ಶುರುವಾಗುವ ಮೊದಲೇ ಕಟ್ ಮಾಡಿದಳು. ಸೇವಂತಿ ತನ್ನ ಕ್ಲಿಪ್ಪಿನ ಗಂಟನ್ನು ಹೆಗಲಿಗೇರಿಸಿ, ಕೇಳದೆಯೇ ಜೊತೆಗೆ ನಡೆದಳು.

ಮೈದಾನದ ತುಂಬ ಕ್ರಿಕೆಟ್. ಒಂದು ಆಟದ ಬೆನ್ನಿಗೆ ಇನ್ನೊಂದು, ಎಲ್ಲೆಲ್ಲೂ ಬಿಳಿ ಬಟ್ಟೆ. ಖೋಖೋ ಕಂಬಗಳು ದೂರದ ಆಚೆ ಮೂಲೆಯಲ್ಲಿ ಕಂಡವು. ಮೈದಾನದ ಅಂಚಿನ ದಾರಿಯಲ್ಲಿ ಗುಂಡಿ ತೋಡಿ ಹಗ್ಗ ಕಟ್ಟಿದ್ದರು.

"ಹೊರಗಿಂದ ಸುತ್ತಿ ಹೋಗ್ಬೇಕು, ಅಜ್ಜಿ," ಎಂದಳು ಯಕ್ಷಿತಾ.

"ಸುತ್ತೋದು ಯಾಕ? ಅಗಾ, ಅಲ್ಲೇ ಕಾಣ್ತದಲ್ಲ."

ಗುರುಬಾಯಿ ಸೀರೆಯ ನೆರಿಗೆ ಎತ್ತಿ ಸೊಂಟಕ್ಕೆ ಸಿಕ್ಕಿಸಿ, ಜರ್ಸಿಯನ್ನು ಚೀಲದಿಂದ ತೆಗೆದು ಕೈಯಲ್ಲಿ ಹಿಡಿದು, ನೆಟ್ಟಗೆ ಆಟದ ನಡುವೆ ನಡೆದಳು. ಬೌಲರ್ ಓಡಿ ಬರುತ್ತಿದ್ದ. ಯಕ್ಷಿತಾ ಅಜ್ಜಿಯ ಹಿಂದೆ ಓಡುತ್ತ, "ಫೈನಲ್ ಹೈ, ಭೈಯಾ, ಇನ್‌ಕೀ ಪೋತೀ ಕಾ ಫೈನಲ್ ಹೈ," ಎಂದು, ಇವರ ಮೊಮ್ಮಗಳ ಫೈನಲ್ ಇದೆಯೆಂದು ಹಿಂದಿಯಲ್ಲಿ ಕೂಗಿದಳು. ಅಂಪೈರ್ ಕೈ ಅಡ್ಡ ಚಾಚಿದ. ಬೌಲರ್ ನಿಂತ. ಮುಂದಿನ ಆಟದವರೂ ಅಜ್ಜಿಯ ಕೈಯ ಹಸಿರು ಜರ್ಸಿ ನೋಡಿ ತಾವಾಗಿಯೇ ನಿಂತರು. ವಿಕೆಟ್‌ಕೀಪರ್ ಒಬ್ಬ ಗ್ಲೌಸು ಕಳಚಿ, ಪಿಚ್ಚಿನ ಬದಿಯಲ್ಲಿ ಕೈಹಿಡಿದು ದಾಟಿಸಿದ. ಮೈದಾನ ಉದ್ದಕ್ಕೂ ಇಬ್ಭಾಗವಾಗಿ ಮುದುಕಿಗೆ ದಾರಿ ಬಿಟ್ಟಿತು. ಅವಳು ಎಡಕ್ಕೂ ಬಲಕ್ಕೂ ನೋಡದೆ, ಸ್ವಂತ ಅಂಗಳ ದಾಟುವವಳಂತೆ ದಾಟಿದಳು.

ಶಿವಕುಮಾರಿ ಗೆರೆಯ ಹೊರಗೆ ಮಂಡಿಯಲ್ಲಿ ಮುಖವಿಟ್ಟು ಕೂತಿದ್ದಳು. ಅತ್ತು ಕಣ್ಣು ಊದಿದ್ದವು. ಮೊದಲರ್ಧ ಮುಗಿದಿತ್ತು, ದಹಿಸರ ಹಿಂದಿತ್ತು.

"ಏಳ ಮಗಳ," ಎಂಬ ದನಿಗೆ ತಲೆಯೆತ್ತಿದಳು. ಆಮೇಲೆ ಅಜ್ಜಿಯನ್ನೂ ಅಜ್ಜಿಯ ಕೈಯಲ್ಲಿದ್ದುದನ್ನೂ ನೋಡಿದಳು.

"ಆಯಿ, ನೀ ಹ್ಯಾಂಗ್ ಬಂದಿ? ಯಾರ್ ಕರ್ಕೊಂಡ್ ಬಂದ್ರು?"

"ಎಲ್ಲಾರೂ," ಎಂದಳು ಗುರುಬಾಯಿ. "ಮೊದಲ ಹಾಕ್ಕೋ."

ಕೋಚ್ ಕಾಶಿನಾಥ ಅವಳನ್ನು ಆಟಕ್ಕಿಳಿಸಲು ಅನುಮತಿ ಕೇಳಿ ರೆಫರಿಯತ್ತ ಓಡಿದ. ಶಿವಕುಮಾರಿ ಬೆವರಿದ ಅಂಗಿಯ ಮೇಲೆಯೇ ಜರ್ಸಿ ಎಳೆದುಕೊಂಡಳು. ಕೂದಲು ಬಿಚ್ಚಿ ಹಾರುತ್ತಿತ್ತು. ಸೇವಂತಿ ತನ್ನ ಗಂಟಿನಿಂದ ಕ್ಲಿಪ್ಪು ತೆಗೆದು, ಹುಡುಗಿಯ ತಲೆ ಹಿಡಿದು ಒಂದೊಂದಾಗಿ ಚುಚ್ಚಿದಳು.

ಆಮೇಲಿನ ಆಟವನ್ನು ಯಕ್ಷಿತಾ ಗೆರೆಯ ಬದಿಯಲ್ಲಿ ನಿಂತು ನೋಡಿದಳು. ಬೆನ್ನಿಗೆ "ಖೋ" ಬಿದ್ದೊಡನೆ ಶಿವಕುಮಾರಿ ಬಾಣದ ಹಾಗೆ ಏಳುತ್ತಿದ್ದಳು. ಒಬ್ಬಳು ಸಿಕ್ಕಳು, ಮತ್ತೊಬ್ಬಳು ಸಿಕ್ಕಳು. ಅಂತರ ಕರಗಿ ಸಮವಾಯಿತು. ಕೊನೆಗೆ ಒಬ್ಬಳು ಉಳಿದಳು, ಎದುರಾಳಿಗಳಲ್ಲೇ ಚುರುಕಿನವಳು, ಯಾರ ಕೈಗೂ ಸಿಗದವಳು. ಸಮಯ ಮುಗಿಯುತ್ತ ಬಂದು, ರೆಫರಿ ಸೀಟಿ ಬಾಯಿಗಿಟ್ಟಾಗಿತ್ತು.

"ಕಂಬದ ಕಡೆ ನೋಡು, ಕಂಬದ ಕಡೆ," ಎಂದು ಗುರುಬಾಯಿ ಕೂಗಿದಳು.

"ಬಿಡ್ಬೇಡ, ಶಿವಕುಮಾರಿ, ಹಿಡಿ, ಅವಳನ್ನು ಹಿಡಿ," ಎಂದು ಇನ್ನೊಂದು ದನಿ ಅದಕ್ಕಿಂತ ಜೋರಾಗಿ ಕೂಗಿತು. ಅದು ತನ್ನದೇ ದನಿ ಎಂದು ಯಕ್ಷಿತಾಗೆ ತಿಳಿದದ್ದು ಪಕ್ಕದವರು ತಿರುಗಿ ನೋಡಿದಾಗ.

ಶಿವಕುಮಾರಿ ಒಂದು ಕೈಯಲ್ಲಿ ಕಂಬ ಹಿಡಿದು, ಇಡೀ ಮೈಯನ್ನು ಗಾಳಿಗೆ ಎಸೆದಳು. ಓಡುತ್ತಿದ್ದವಳ ಹಿಮ್ಮಡಿಗೆ ಅವಳ ಬೆರಳ ತುದಿ ತಾಕಿತು. ಹೊಟ್ಟೆಯಡಿ ಮಣ್ಣಿನಲ್ಲಿ ಜಾರುತ್ತ ಹೋಗಿ ಗೆರೆಯಂಚಿನಲ್ಲಿ ನಿಂತಳು. ಆಮೇಲೆ ಸೀಟಿ.

ಹಸಿರು ಹುಡುಗಿಯರೆಲ್ಲ ಅವಳ ಮೇಲೆ ಬಿದ್ದರು. ಆಚೆ ಕ್ರಿಕೆಟಿನವರು ಬ್ಯಾಟು ನೆಲಕ್ಕೆ ಕುಟ್ಟಿ ಸದ್ದು ಮಾಡಿದರು. ಕಾಶಿನಾಥ ಮುಖ ಆಚೆ ತಿರುಗಿಸಿ ಕಣ್ಣೊರೆಸಿಕೊಂಡ.

ಫೋಟೋಗೆ ನಿಲ್ಲುವಾಗ ಹುಡುಗಿಯರು ಕುರ್ಚಿ ತಂದು ಗುರುಬಾಯಿಯನ್ನು ನಡುವೆ ಕೂರಿಸಿ, ಗೆದ್ದ ಕಪ್ಪನ್ನು ಅವಳ ತೊಡೆಯ ಮೇಲಿಟ್ಟರು. ಅವಳು ಕೂತವಳು ಮತ್ತೆ ಎದ್ದಳು.

"ಇವರಿಬ್ಬರೂ ಬರಲಿ. ಇಲ್ಲಂದ್ರ ನಾ ಕುಂದ್ರಂಗಿಲ್ಲ."

ಯಕ್ಷಿತಾ ಒಂದು ಬದಿಗೆ, ಕ್ಲಿಪ್ಪಿನ ಗಂಟು ಹೊತ್ತ ಸೇವಂತಿ ಇನ್ನೊಂದು ಬದಿಗೆ ನಿಂತರು. ಮಣ್ಣು ಮೆತ್ತಿದ ಶಿವಕುಮಾರಿ ಹಿಂದಿನಿಂದ ಮೂವರ ಕೊರಳನ್ನೂ ಒಟ್ಟಿಗೆ ತಬ್ಬಿದಳು. ಫೋಟೋ ತೆಗೆಯುವವನು ನಗಿ ಎಂದು ಯಾರಿಗೂ ಹೇಳಬೇಕಾಗಲಿಲ್ಲ.