ಅಥನಾಸಿಯೊಸ್ ಎಂಬ ಹೆಸರು

ಗ್ರೀಸಿನ ನಮ್ಮ ಎಪಿರಸ್ ಬೆಟ್ಟಗಳಲ್ಲಿ ಮೊದಲ ಗಂಡುಮಗುವಿಗೆ ಅಜ್ಜನ ಹೆಸರೇ ಇಡಬೇಕು, ಅದರಲ್ಲಿ ಎರಡು ಮಾತಿಲ್ಲ. ಮುದುಕ ಥನಾಸಿಸನ ಪೂರ್ತಿ ಹೆಸರು ಅಥನಾಸಿಯೊಸ್. 'ಅ' ಎಂದರೆ ಇಲ್ಲ, 'ಥಾನತೊಸ್' ಎಂದರೆ ಸಾವು; ಒಟ್ಟಿಗೆ, ಸಾವಿಲ್ಲದವನು. ಶಾಲೆಯ ಮೇಷ್ಟ್ರು ಹೀಗೆ ಬಿಡಿಸಿ ಹೇಳಿದ ದಿನದಿಂದ ಅವನಿಗೆ ಕೋಡು ಮೂಡಿತ್ತು. ಮೊಮ್ಮಗನಲ್ಲಿ ಹೆಸರು ಉಳಿದರೆ ತಾನೂ ಉಳಿದಂತೆ ಎನ್ನುತ್ತಿದ್ದ. ಅವನ ಸೊಸೆ ಹೆತ್ತ, ಆ ಹೆಸರಿಟ್ಟ ಎರಡು ಕೂಸುಗಳನ್ನು ಮಣ್ಣಿಗೆಂದು ಬಟ್ಟೆ ಸುತ್ತಿಕೊಟ್ಟವಳು ಸೂಲಗಿತ್ತಿಯಾದ ನಾನೇ.

ಮೂರನೆಯದು ಏಳು ತಿಂಗಳಿಗೇ ಹುಟ್ಟಿತು, ನಡುಮಧ್ಯಾಹ್ನ. ಮೈಯೆಲ್ಲ ನೀಲಿ. ಬೆನ್ನು ತಿಕ್ಕಿದೆ, ಬಾಯಿಗೆ ಬಾಯಿಟ್ಟು ಊದಿದೆ. ಒಮ್ಮೆ ಬಿಕ್ಕಿ ಸುಮ್ಮನಾಯಿತು. ಪಾದ್ರಿ ನದಿಯಾಚೆ, ಎರಡು ಗಂಟೆಯ ದಾರಿ. ಹೆಸರಿಲ್ಲದೆ ಹೋದರೆ ಸ್ಮಶಾನದ ಬೇಲಿಯ ಹೊರಗೆ ಹೂಳುತ್ತಾರೆ. ಇಂಥ ಹೊತ್ತಿನಲ್ಲಿ ಯಾರೇ ಆಗಲಿ, ಕೂಸನ್ನು ಮೂರು ಸಲ ಗಾಳಿಗೆ ಎತ್ತಿ ಹೆಸರು ಹೇಳಿದರೆ ಪಾದ್ರಿಯೇ ದೀಕ್ಷಾಸ್ನಾನ ಕೊಟ್ಟಂತೆ. ಆಮೇಲೆ ಆ ಹೆಸರು ಬದಲಾಗುವುದಿಲ್ಲ.

"ಹೆಸರು ಹೇಳ್ರೋ, ಬೇಗ!" ಎಂದು ಕೂಗಿದೆ.

"ಗೊತ್ತಿಲ್ವೇನೆ ಲಂಬ್ರಿನಿ? ಅಥನಾಸಿಯೊಸ್!" ಬಾಗಿಲಾಚೆಯಿಂದ ಮುದುಕ ಗುಡುಗಿದ.

"ಬೇಡ ಅಕ್ಕಾ, ನಿನ್ ಕಾಲಿಗೆ ಬೀಳ್ತೀನಿ!" ಬಾಣಂತಿ ಪೊಲಿಕ್ಸೇನಿ ನನ್ನ ಲಂಗ ಹಿಡಿದುಕೊಂಡಳು. "ಆ ಹೆಸರೊಳಗೇ ಸಾವು ಕೂತಿದೆ. ಕರೆದಾಗೆಲ್ಲ ಓಗೊಟ್ಟು ಬರುತ್ತೆ. ಜೀಸಿಮೊಸ್ ಅನ್ನು. ಬದುಕೋನು ಅಂತ, ಅಷ್ಟು ಸಾಕು."

"ನನ್ನ ಹೆಸರು ಹೂಳಕ್ಕೆ ಅಷ್ಟು ಅವಸರಾನಾ ಸೊಸೆ? ಲಂಬ್ರಿನಿ, ಬೇರೆ ಹೆಸರೆತ್ತಿದ್ರೆ ಇನ್ ಈ ಹೊಸ್ತಿಲು ತುಳೀಬೇಡ!"

"ಮಾವ, ನನ್ ಹೊಟ್ಟೆ ಇನ್ನೊಂದನ್ನ ಹೊರಲ್ಲ. ಇದೇ ಕೊನೇದು."

ಅವನಿಗಿದ್ದದ್ದೂ ಒಬ್ಬನೇ ಮಗ. ಆ ಹೆಸರು ಹೊರಲು ಇನ್ನೊಬ್ಬ ಮೊಮ್ಮಗ ಬರುವಂತಿಲ್ಲ.

"ಜಗಳ ಆಮೇಲೆ ಆಡ್ಕೊಳ್ಳಿ, ಇಲ್ಲಿ ಉಸಿರು ಹೋಗ್ತಿದೆ!" ಎಂದು ರೇಗಿದೆ. ಕೂಸನ್ನು ಎತ್ತಿ, "ದೇವರ ಸೇವಕನಾದ..." ಎಂದವಳು ಅಲ್ಲೇ ನಿಂತುಬಿಟ್ಟೆ. ಯಾರ ಮಾತು ಕೇಳಲಿ?

ಹೆರಿಗೆ ಕೋಣೆಗೆ ಗಂಡಸರು ಕಾಲಿಡುವುದಿಲ್ಲ. ಮುದುಕ ಬಾಗಿಲು ತಳ್ಳಿಕೊಂಡು ಬಂದೇಬಿಟ್ಟ. ಹಿಂದಿನ ಎರಡನ್ನೂ ಅವನು ನೋಡಿದ್ದು ಬಟ್ಟೆ ಸುತ್ತಿದ ಮೇಲೆಯೇ. ಈಗ ಆ ನೀಲಿ ಮುಖವನ್ನು ಕಣ್ಣಾರೆ ಕಂಡ.

"ಜೀಸಿಮೊಸ್," ಎಂದ. "ಅನ್ನೇ ಬೇಗ! ನನ್ ಮುಖ ಏನ್ ನೋಡ್ತೀಯ?"

ಎತ್ತಿದೆ. ಹೆಸರು ಹೇಳಿದೆ. ಮತ್ತೆ ಎತ್ತಿದೆ. ಮೂರನೆಯ ಸಲ ಕೂಸು ಬೆಕ್ಕಿನಮರಿಯಂತೆ ಅತ್ತಿತು. ಪೊಲಿಕ್ಸೇನಿ ಗೊಳೋ ಎಂದಳು. ನಾನೇನು ಕಲ್ಲೇ, ನಾನೂ ಅತ್ತೆ.

ಮುದುಕ ಎರಡೂ ಕೈ ಚಾಚಿದ.

"ಕೊಡಿಲ್ಲಿ ನನ್ ಮೊಮ್ಮಗನ್ನ. ಇನ್ಮೇಲೆ ನಾನು ಸತ್ರೆ, ಸತ್ತ ಹಾಗೇ ಕಣೇ ಲಂಬ್ರಿನಿ."